ಇನಾಸನ ಭಟ್ಟಿ ಆರಿದ ವಾರ

"ಕೋಡಿಬಾಗದಿಂದ ಅಂಕೋಲೆಯ ಮೋಟಾರ್ ಸ್ಟ್ಯಾಂಡಿನವರೆಗೆ ಇನ್ನು ಮೇಲೆ ಒಂದೇ ಒಂದು ಚಹಾದಂಗಡಿ, ಒಂದೇ ಒಂದು ಖಾನಾವಳಿ, ಒಂದೇ ಒಂದು ಪಾವ್ ರೊಟ್ಟಿಯ ಭಟ್ಟಿ ನನ್ನ ನಾಲಗೆಯಿಂದ ಪಾರಾಗಲಾರದು!"

ಬೊಮ್ಮಯ್ಯನವರು ಈ ಭೀಷ್ಮ ಪ್ರತಿಜ್ಞೆ ಮಾಡುವಾಗ ಅವರ ಬಲಗೈ ಮಾಡಿನ ಹೆಂಚಿನ ಕಡೆಗಿತ್ತು, ಎಡಗೈ ಊದಿದ ದವಡೆಯ ಮೇಲಿತ್ತು. ಅದೇ ಸಂಜೆ ಬಂದರು ರಸ್ತೆಯ ಜಟ್ಟಿಯ ಅಂಗಡಿಯಲ್ಲಿ ಚಕ್ಕುಲಿ ಕಡಿಯಲು ಹೋಗಿ ಅವರ ದವಡೆಹಲ್ಲಿನ ಒಂದು ಮೂಲೆ ಹಾರಿಹೋಗಿತ್ತು. ಚಕ್ಕುಲಿಗೆ ಮಾತ್ರ ಏನೂ ಆಗಿರಲಿಲ್ಲ!

ಬೊಮ್ಮಯ್ಯನವರು ಅವರ್ಸಾದ ಕಡೆಯವರು. ಕಾರವಾರದ ಕಚೇರಿಯೊಂದರಲ್ಲಿ ಕಾರಕೂನರು. ಹಬ್ಬುವಾಡದ ಬಾಡಿಗೆ ಮನೆಯಲ್ಲಿ ಹೆಂಡತಿ ಗೋದಾವರಿ, ತಾಯಿ ಹೊನ್ನಮ್ಮ ಮತ್ತು ತಮ್ಮ ಸಿಟ್ಟು, ಇಷ್ಟು ಜನರೊಂದಿಗೆ ವಾಸವಾಗಿದ್ದರು. ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಬೊಮ್ಮಯ್ಯನವರದು ಮೂಗಿಗಿಂತ ಒಂದು ಗೇಣು ಮುಂದೆ ನಡೆಯುತ್ತಿತ್ತು. ಅವರು ಓಣಿಯ ತಿರುವಿಗೆ ಬರುವ ಮೊದಲೇ ಅವರ ಸಿಟ್ಟು ಮನೆಯ ಬಾಗಿಲು ತಟ್ಟುತ್ತಿತ್ತು.

"ಹಲ್ಲು ಮುರಿದ್ರೆ ಡಾಕ್ಟರ ಹತ್ರ ಹೋಗ್ರಿ," ಎಂದಳು ಗೋದಾವರಿ. "ಅಂಗಡಿ ಅಂಗಡಿ ತಿರಗಿ ಉಳಿದ ಹಲ್ಲೂ ಕಳ್ಕಣುಕೆ ಹೊಂಟ್ರಿ?"

"ನಿಂಗೆ ತಿಳಿಯುದಿಲ್ಲ. ಇದು ನನ್ನೊಬ್ಬನ ಹಲ್ಲಿನ ಪ್ರಶ್ನೆ ಅಲ್ಲ. ಇಡೀ ಜಿಲ್ಲೆಯ ಹಲ್ಲಿನ ಪ್ರಶ್ನೆ!"

"ಜಿಲ್ಲೆಯ ಅರ್ಧ ಜನಕ್ಕೆ ಹಲ್ಲೇ ಇಲ್ಲ. ಅತ್ತೇರನ್ನೇ ನೋಡ್ರಿ."

"ನನ್ನ ಹಲ್ಲಿನ ಸುದ್ದಿ ಎಂತಕ್ಕೆ ಅಲ್ಲಿ?" ಒಳಗಿನಿಂದ ಹೊನ್ನಮ್ಮನ ಸ್ವರ ಬಂತು. ಹಲ್ಲು ಹೋಗಿತ್ತೇ ಹೊರತು ಮಾತಿನ ಕಚ್ಚು ಹೋಗಿರಲಿಲ್ಲ.

ಮರುದಿನವೇ ಬೊಮ್ಮಯ್ಯನವರು ತುಳಸಿದಾಸನ ಮುದ್ರಣಾಲಯಕ್ಕೆ ನುಗ್ಗಿದರು. ತುಳಸಿದಾಸ 'ಸಮುದ್ರಘೋಷ' ಎಂಬ ನಾಲ್ಕು ಪುಟದ ವಾರಪತ್ರಿಕೆಯ ಸಂಪಾದಕ. ಮೂರು ಪುಟಗಳನ್ನು ಹರಾಜಿನ ನೋಟೀಸುಗಳೂ ಸ್ಟೀಮರಿನ ವೇಳೆಗಳೂ ತುಂಬುತ್ತಿದ್ದವು. ನಾಲ್ಕನೆಯದನ್ನು ತುಂಬಲು ಅವನು ಪ್ರತಿವಾರ ದೇವರಿಗೆ ಮೊರೆಯಿಡುತ್ತಿದ್ದ. ದೇವರು ಬೊಮ್ಮಯ್ಯನವರನ್ನು ಕಳಿಸಿದ.

"ಹೆಸರು ನಿಮ್ದೇ ಹಾಕುದೋ?"

"ಛೇ! ನಾನು ಸರಕಾರಿ ಮನುಷ್ಯ. 'ಷಡ್ರಸ ಪರೀಕ್ಷಕ' ಅಂತ ಹಾಕು."

ಪರೀಕ್ಷಕರ ಮೊದಲ ಬಾಣ ಜಟ್ಟಿಯ ಮೇಲೆಯೇ ಬಿತ್ತು. "ಜಟ್ಟಿಯ ಚಹಾದಲ್ಲಿ ಹಾಲಿದೆಯೆಂಬುದು ಕೇವಲ ಭಕ್ತಿಯ ವಿಷಯ, ಕಣ್ಣಿಗೆ ಕಾಣುವಂಥದಲ್ಲ. ಅವನ ಚಕ್ಕುಲಿಗಳನ್ನು ಬೈತಖೋಲದ ದಕ್ಕೆಗೆ ಜೋಡಿಸಿಟ್ಟರೆ ಮಳೆಗಾಲದ ಅಲೆಗಳು ಕ್ಷಮೆ ಕೇಳಿ ಹಿಂದೆ ಸರಿದಾವು!" ಎಂದು ಬರೆದರು. ಊರು ನಕ್ಕಿತು. ಜಟ್ಟಿ ಅಂಗಡಿಗೆ ಬೀಗ ಹಾಕಿ ಊರು ಬಿಡುವುದನ್ನು ಕಣ್ಣಾರೆ ಕಂಡುಬರೋಣವೆಂದು ಬೊಮ್ಮಯ್ಯನವರು ಸಂಜೆ ಬಂದರು ರಸ್ತೆಗೆ ಹೋದರು.

ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ! ವಕೀಲರು, ದಲಾಲರು, ಹೈಸ್ಕೂಲಿನ ಮಾಸ್ತರರು, ಸ್ಟೀಮರು ಕಾಯುತ್ತಿದ್ದ ಪ್ರಯಾಣಿಕರು, ಎಲ್ಲರ ಕೈಯಲ್ಲೂ ಚಕ್ಕುಲಿ. ಯಾರ ಹಲ್ಲು ಗಟ್ಟಿ ಎಂದು ಪಂಥ ಕಟ್ಟಿಕೊಂಡು ಕಡಿಯುತ್ತಿದ್ದರು.

"ಬನ್ನಿ ಬನ್ನಿ ಕಾರಕೂನ್ರೇ! ಕುಂದ್ರುಕೆ ಜಾಗಾ ಇಲ್ಲಾ, ನಿಂತೇ ಕುಡೀರಿ!" ಎಂದು ಜಟ್ಟಿ ಬೆವರೊರೆಸಿಕೊಂಡ. "ಯಾವ ಜನ್ಮದ ಪುಣ್ಯದ ಫಲವೋ ಮಾರಾಯ್ರೆ! ಅದ್ಯಾರೋ ಪರೀಕ್ಷಕ ಅಂತೆ, ಬರ್ದನಲ್ಲ, ಅವನ ಕೈಗೆ ಬಂಗಾರದ ಕಡಗ ಹಾಕ್ಬೇಕು!"

ಬೊಮ್ಮಯ್ಯನವರ ಮುಖ ಕೆಂಪಾಯಿತು. ಸಿಟ್ಟಿನ ಭರದಲ್ಲಿ ಅದೇ ಹಾಲಿಲ್ಲದ ಚಹಾವನ್ನು ಗಟಗಟ ಕುಡಿದು, ದುಡ್ಡನ್ನೂ ಕೊಟ್ಟು ಬಂದರು.

"ಬೈದ್ರೆ ಮೇಲೇರ್ತಾರಲ್ಲ! ಇರಲಿ, ಒಳ್ಳೆಯವ್ರನ್ನ ಹೊಗಳ್ತೆ. ಆಗ ಕೆಟ್ಟವ್ರು ತಾವಾಗೇ ಬೀಳ್ತಾರೆ," ಎಂದು ಮನೆಯಲ್ಲಿ ಗುಡುಗಿದರು.

"ಹೊಗಳುಕೆ ಊರೆಲ್ಲಾ ತಿರಗ್ಬೇಕಾ?" ಎಂದು ಗೋದಾವರಿ ಒಲೆಯ ಮುಂದಿನಿಂದಲೇ ಹೇಳಿದಳು. "ಇಲ್ಲೇ ದಿನಾ ಉಣ್ತ್ರಲ್ಲ, ಒಂದಿನ ಬಾಯಿಬಿಟ್ಟು ಹೇಳಿದ್ದುಂಟಾ?"

ಪರೀಕ್ಷಕರು ಈ ಪ್ರಶ್ನೆ ತಮ್ಮ ಅಧಿಕಾರವ್ಯಾಪ್ತಿಗೆ ಬರುವುದಿಲ್ಲವೆಂದು ಸುಮ್ಮನಾದರು. ಭಾನುವಾರ ಸರ್ವೀಸ್ ಮೋಟಾರು ಹತ್ತಿ ಅಂಕೋಲೆಗೆ ಹೋದರು. ಅಲ್ಲಿ ಸ್ಟ್ಯಾಂಡಿನ ಹಿಂದೆ ರಾಮನಾಥನ ಖಾನಾವಳಿ. ಸಗಣಿ ಸಾರಿಸಿದ ನೆಲ, ಬಾಳೆಲೆ, ಕುಚ್ಚಿಗೆ ಅಕ್ಕಿಯ ಅನ್ನ, ಬಂಗಡೆಯ ಸಾರು, ಕೊನೆಗೆ ಕುಡಿಯಲು ಮುರುಗಲ ಹುಳಿಯ ಕಢಿ. ಮೊದಲ ತುತ್ತಿಗೇ ಬೊಮ್ಮಯ್ಯನವರ ಕಣ್ಣಲ್ಲಿ ನೀರು ಬಂತು. ಖಾರಕ್ಕಲ್ಲ, ಆನಂದಕ್ಕೆ! "ಈ ಸಾರು ಉಣ್ಣದೆ ಸತ್ತವನಿಗೆ ಸದ್ಗತಿಯಿಲ್ಲ," ಎಂದು ಬರೆದರು. ತುಳಸಿದಾಸ ಅದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ.

ಕೆಲವು ವಾರ ಕಳೆದು, ಮತ್ತೊಮ್ಮೆ ಆ ಸದ್ಗತಿ ಪಡೆಯಲು ಹೋದರೆ ಖಾನಾವಳಿಯ ಮುಂದೆ ಮೋಟಾರುಗಳು ನಿಂತಿವೆ. ರಾಮನಾಥ ಬಾಗಿಲಲ್ಲೇ ಸೌಟು ಹಿಡಿದು ನಿಂತಿದ್ದಾನೆ. ಕಣ್ಣು ಕೆಂಡ.

"ಊಟ..." ಎಂದರು ಬೊಮ್ಮಯ್ಯನವರು.

"ಮೀನು ಖಾಲಿ, ಸಾರು ಖಾಲಿ, ನನ್ನ ತಾಳ್ಮೆನೂ ಖಾಲಿ!"

"ಎಂತ ಆಯ್ತು?"

"ಎಂತ ಆಯ್ತು? ದಿನಾ ಉಂಬ ಗಾಡಿಯವ್ರು, ಸಂತೆಗೆ ಬರು ಹಳ್ಳಿಯವ್ರು, ಎಲ್ಲಾ ಹಸ್ಕಂಡೇ ಹೋದ್ರು. ಕಾರವಾರದ ದೊಡ್ಡ ಜನ ಬಂದ್ರು, ಕುಂತ್ರು, ಇದ್ದದ್ದೆಲ್ಲಾ ಬಡ್ಸ್ಕಂಡು ಉಂಡ್ರು. ಉಂಡು ಕೈತೊಳ್ದು ಎಂತ ಹೇಳ್ತ್ರು ಗೊತ್ತೋ? 'ಬರ್ದಷ್ಟೆಲ್ಲಾ ಇಲ್ಲ' ಅಂತೆ! ಆ ಪರೀಕ್ಷಕ ಒಂದಿನ ಕೈಗೆ ಸಿಗ್ಲಿ. ಬಂಗಡೆ ಬದ್ಲು ಅವನ್ನೇ ಹುಳಿ ಹಾಕಿ ಕುದಿಸ್ತೆ!"

ಬೊಮ್ಮಯ್ಯನವರು ತಮ್ಮನ್ನು ಯಾರಾದರೂ ಕುದಿಸುವ ಮೊದಲೇ ಸಿಕ್ಕ ಮೋಟಾರು ಹತ್ತಿದರು. ಬೈಸಿಕೊಂಡವನು ಹರಸುತ್ತಾನೆ! ಹೊಗಳಿಸಿಕೊಂಡವನು ಕುದಿಸುತ್ತೇನೆ ಅನ್ನುತ್ತಾನೆ! ಇದೆಂಥ ಲೋಕ! ಹೊಟ್ಟೆಯಲ್ಲಿ ಹಸಿವು, ತಲೆಯಲ್ಲಿ ಸಿಟ್ಟು, ಬಿಣಗಾದ ಘಟ್ಟದ ತಿರುವುಗಳಲ್ಲಿ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಬಂದವು. ಕಾರವಾರದಲ್ಲಿ ಇಳಿದವರು ನೆಟ್ಟಗೆ ಕಾಜೂಬಾಗದ ಇನಾಸನ ಭಟ್ಟಿಗೆ ಹೋಗಿ ಒಂದು ಪಾವ್ ಕೊಂಡು ಅಲ್ಲೇ ಬೇಲಿಯ ಮರೆಯಲ್ಲಿ ನಿಂತು ಕಚ್ಚಿದರು. ಮನೆಗೆ ಒಯ್ಯುವಂತಿರಲಿಲ್ಲ. ಕ್ರಿಸ್ತಾಂವರ ಭಟ್ಟಿಯದು, ಶೇಂದಿ ಹಾಕಿ ಹುಳಿ ಬರಿಸಿದ್ದು ಎಂದು ಹೊನ್ನಮ್ಮ ಪಾವನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಆ ದಿನದ ಪಾವ್ ಮೇಲೆ ಕಲ್ಲಾಗಿತ್ತು, ಒಳಗೆ ಹಸಿಹಿಟ್ಟಾಗಿತ್ತು. ಜೊತೆಗೆ ಏನೋ ಒಂಥರಾ ಉಪ್ಪು.

ರಾಮನಾಥನ ಮೇಲಿನ ಸಿಟ್ಟು, ಜಟ್ಟಿಯ ಮೇಲಿನ ಸಿಟ್ಟು, ಹಸಿವಿನ ಸಿಟ್ಟು, ಎಲ್ಲವೂ ಸೇರಿ ಇನಾಸನ ತಲೆಯ ಮೇಲೆ ಬಿದ್ದವು. "ಇನಾಸನ ಪಾವ್ ಹೊರಗೆ ಜಂಬಿಟ್ಟಿಗೆ ಕಲ್ಲು, ಒಳಗೆ ಕೆಸರು. ತಿನ್ನಲು ಹಲ್ಲಲ್ಲ, ಗುದ್ದಲಿ ಬೇಕು. ಪುರಸಭೆಯವರು ಈ ಭಟ್ಟಿಯನ್ನು ವಶಪಡಿಸಿಕೊಂಡು ರಸ್ತೆಗೆ ಜಲ್ಲಿ ಮಾಡಿಸಿಕೊಳ್ಳುವುದು ಲೋಕಹಿತ!"

ಇನಾಸ ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚಿದ್ದ ಮನುಷ್ಯ. ದಿನಾ ಬೆಳಗಾಗುತ್ತಲೇ ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಕಬ್ಬಿಣದ ಬಳೆ ಸಿಕ್ಕಿಸಿದ ಬಿದಿರುಕೋಲು. ಅದನ್ನು ನೆಲಕ್ಕೆ ಕುಟ್ಟಿ ಝಲ್ ಝಲ್ ಎನ್ನಿಸುತ್ತ ಓಣಿ ಓಣಿ ತಿರುಗಿ ಪಾವ್ ಮಾರುತ್ತಿದ್ದ. ಆ ಹೊತ್ತಿಗೆ ಬೊಮ್ಮಯ್ಯನವರು ಸಮುದ್ರದಂಡೆಯಲ್ಲಿ ಗಾಳಿ ತಿನ್ನುತ್ತಿರುತ್ತಿದ್ದರು. ಯಾರೋ ಆ ಬರಹವನ್ನು ಇನಾಸನಿಗೆ ಓದಿ ಹೇಳಿದರು. ಅವನು ಇನ್ನೊಮ್ಮೆ ಓದಿಸಿದ. ಆಮೇಲೆ ಎದ್ದು ಒಂದು ಕೊಡ ನೀರು ತಂದು ಉರಿಯುವ ಭಟ್ಟಿಗೆ ಸುರಿದ.

"ಬರ್ದಂವ ನನ್ನ ಎದ್ರು ಬಂದು ನಿಲ್ಬೇಕು. ಅಲ್ಲೀವರೆಗೆ ಕಾರವಾರಕ್ಕೆ ಪಾವಿಲ್ಲ!"

ಊರಲ್ಲಿ ಇನ್ನೊಂದು ಭಟ್ಟಿಯಿತ್ತು. ಅದು ಇನಾಸನ ಅಳಿಯನದು. ಮಾವನ ಒಂದು ನೋಟಕ್ಕೆ ಅದೂ ಆರಿತು.

ಅಲ್ಲಿಂದ ಕಾರವಾರಕ್ಕೆ ಗ್ರಹಣ ಹಿಡಿಯಿತು. ದವಾಖಾನೆಯ ರೋಗಿಗಳಿಗೆ ಹಾಲಿನಲ್ಲಿ ಅದ್ದಲು ಪಾವಿಲ್ಲ. ಸ್ಟೀಮರಿನ ಜನಕ್ಕೆ ಪಾವಿಲ್ಲ. ಚಕ್ಕುಲಿಯ ಪಂಥ ಸಾಕಾಗಿ ಪಾವ್-ಚಹಾಕ್ಕೆ ಮರಳಿದ್ದ ಜಟ್ಟಿಯ ಗಿರಾಕಿಗಳು ಖಾಲಿ ಕಪ್ಪು ಕುಟ್ಟಿ ಕೂಗಾಡಿದರು. ಬಂಗಾರದ ಕಡಗ ಹಾಕುತ್ತೇನೆಂದಿದ್ದ ಜಟ್ಟಿ ಈಗ ಅದೇ ಕೈಗೆ ಬೇಡಿ ಹಾಕಿಸುವ ಮಾತಾಡಿದ. ಎಲ್ಲಕ್ಕಿಂತ ದೊಡ್ಡ ಅನಾಹುತವೆಂದರೆ, ಬೊಮ್ಮಯ್ಯನವರ ಕಚೇರಿಯ ದೊಡ್ಡ ಸಾಹೇಬರ ಬೆಳಗಿನ ಮೊಟ್ಟೆಗೆ ಜೊತೆಗಾರನಿಲ್ಲದೆ ಹೋಯಿತು! ಸಾಹೇಬರು ಚಿಟ್ನೀಸರ ಮೇಲೆ ಹರಿಹಾಯ್ದರು. ಚಿಟ್ನೀಸರು, ಅಂದರೆ ಕಾರಕೂನರೆಲ್ಲರ ಮೇಲಿನವರು, ಬೊಮ್ಮಯ್ಯನವರನ್ನು ಕರೆಸಿದರು.

"ಈ ಷಡ್ರಸ ಪರೀಕ್ಷಕ ಯಾರು?"

ಬೊಮ್ಮಯ್ಯನವರು ಕೈಲಿದ್ದ ಕಡತ ಸರಿಪಡಿಸಿಕೊಂಡರು. "ನನಗೆ ಹೇಗೆ ಗೊತ್ತು ರಾವ್‌ಸಾಹೇಬ್ರೇ?"

"ನಿಮ್ಗೆ ಕನ್ನಡ ಚಲೋ ಬರ್ತದೆ. ಬರವಣಿಗೆ ನೋಡಿ ಮನುಷ್ಯನ್ನ ಗುರ್ತು ಹಿಡೀರಿ. ಹಿಡಿದು ತಂದು ಇನಾಸನ ಎದ್ರು ನಿಲ್ಸುದು ನಿಮ್ಮ ಜವಾಬ್ದಾರಿ. ಅಂವ ಸರಕಾರಿ ನೌಕರ ಆಗಿದ್ರೆ, ನಾಳೆಯಿಂದ ಆಗಿರುದಿಲ್ಲ!"

ಹೀಗೆ ಬೊಮ್ಮಯ್ಯನವರು ತಮ್ಮನ್ನೇ ತಾವು ಹುಡುಕುವ ಸರಕಾರಿ ಹುಕುಂ ಹೊತ್ತು ಮನೆಗೆ ಬಂದರು. ಮನೆಯಲ್ಲಿ ಬೇರೊಂದು ಯುದ್ಧ ನಡೆದಿತ್ತು. ಗೋದಾವರಿ ಪಾತ್ರೆಗಳನ್ನು ಇಡುತ್ತಿರಲಿಲ್ಲ, ಎಸೆಯುತ್ತಿದ್ದಳು. ಹೊನ್ನಮ್ಮ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಗಂಜಿಯ ಬಟ್ಟಲು ಹಾಗೇ ಆರಿಹೋಗಿತ್ತು. ನಿನ್ನೆಯೂ ಹಾಗೇ, ಮೊನ್ನೆಯೂ ಹಾಗೇ. ಉಪ್ಪಿನ ಸತ್ಯಾಗ್ರಹದ ಬಿಸಿ ಇನ್ನೂ ಪೂರ್ತಿ ಆರಿರದ ಕಾಲ ಅದು. ಉಪವಾಸವೆಂದರೆ ಸರಕಾರವೇ ನಡುಗುತ್ತಿದ್ದಾಗ ಒಬ್ಬ ಕಾರಕೂನ ಯಾವ ಲೆಕ್ಕ!

"ಅವ್ವಾ, ಎಂತಕ್ಕೆ ಉಣ್ಣುದಿಲ್ಲ?"

"ಬ್ಯಾಡಾ."

"ಮೈಗೆ ಹುಷಾರಿಲ್ವಾ?"

"ನನ್ನ ಮೈಗೆ ಎಂತ ಆಗುದು? ನಿನ್ನ ಊರಿಗೇ ಹುಷಾರಿಲ್ಲ."

ಬೊಮ್ಮಯ್ಯನವರು ಬಗ್ಗಿ ನೋಡಿದರು. ತಾಯಿಯ ಕೆನ್ನೆ ಒಳಸೇರಿದ್ದು ಈಗ ಕಣ್ಣಿಗೆ ಬಿತ್ತು. ಅವರಿಗೆ ಹೆದರಿಕೆಯಾದರೂ ಅದು ಸಿಟ್ಟಿನ ವೇಷದಲ್ಲೇ ಹೊರಬರುತ್ತಿತ್ತು. ಅಡುಗೆಮನೆಗೆ ನುಗ್ಗಿ, "ಎಂತ ಮಾಡಿ ಹಾಕ್ತೆ ನೀನು ಅವಳಿಗೆ? ನಾನು ಊರೆಲ್ಲಾ ತಿರಗ್ತಾ ಕುಂತೆ, ಇಲ್ಲಿ ನನ್ನವ್ವ ಉಪವಾಸ ಸಾಯ್ತಾ ಬಂತು!" ಎಂದು ಕೂಗಿದರು.

ಗೋದಾವರಿಯ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬಿತ್ತು. ಅಷ್ಟು ದಿನ ತಡೆದದ್ದು ಒಡೆದುಹೋಯಿತು.

"ಯಾರ ದೆಸೆಯಿಂದ? ಆ ಪರೀಕ್ಷಕನ ದೆಸೆಯಿಂದ! ಹಲ್ಲು ಹೋದಾಗಿಂದ ಅತ್ತೇರು ಇನಾಸನ ಪಾವಿನ ಮೇಲೇ ಬದ್ಕಿದ್ದವ್ರು! ಬೆಳಿಗ್ಗೆ ನೀವು ಸಮುದ್ರಕ್ಕೆ ಹೋದ ಕೂಡ್ಲೇ ಹಿಂಬಾಗಿಲಲ್ಲಿ ತಗಂಬುದು, ಚಹಾದಲ್ಲಿ ಅದ್ದಿ ತಿಂಬುದು! ನಿಮ್ಗೆ ಹೇಳ್ಬೇಡಾ ಅಂತ ನನ್ನ ಹತ್ರ ಆಣೆ ಹಾಕ್ಸ್ಕಂಡಿದ್ರು!"

"ಸುಳ್ಳು!" ಗೋಡೆಯ ಕಡೆಯಿಂದ ಹೊನ್ನಮ್ಮ ಗುಡುಗಿದಳು. "ನಾನು ಎರಡೇ ತಿಂಬುದು!"

ಬೊಮ್ಮಯ್ಯನವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಶೇಂದಿ ಹಾಕಿದ್ದು, ಹೊಸ್ತಿಲು ದಾಟ್ಬಾರ್ದು ಅಂತಿದ್ಯಲ್ಲ ಅವ್ವಾ?"

"ದಾಟ್ಲಿಲ್ಲ. ಹಿಂಬಾಗಿಲ ಮೆಟ್ಲ ಮೇಲೇ ಕುಂತು ತಿಂದೆ." ಆಮೇಲೆ ಸಣ್ಣ ಸ್ವರದಲ್ಲಿ, "ಹುಟ್ಟಿದಾಗಿಂದ ಗಂಜಿ ಕುಡ್ದೆ ತಮಾ. ಮುದಿ ಬಾಯಿಗೆ ಅದೊಂದು ರುಚಿ ಹತ್ತಿತ್ತು. ಅದ್ಯಾವ ಮುಂಡೇಗಂಡ ಅದ್ಕೂ ಕಲ್ಲು ಹಾಕ್ದನೋ!"

ಗೋದಾವರಿ ಗಂಡನ ಮುಖವನ್ನೇ ನೋಡಿದಳು. ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು ಎನ್ನಿಸುವಂತೆ ನೋಡಿದಳು.

ಬೊಮ್ಮಯ್ಯನವರು ಆ ರಾತ್ರಿ ಹೊರಳಾಡಿ, ಬೆಳಗಾದ ಮೇಲೆ, ಭಾನುವಾರವಾಗಿದ್ದರಿಂದ, ಸಮುದ್ರದ ಕಡೆಗೆ ಹೋಗದೆ ಕಾಜೂಬಾಗಕ್ಕೆ ಹೋದರು. ಭಟ್ಟಿ ತಣ್ಣಗಿತ್ತು. ಅದರ ಬಾಯಲ್ಲಿ ಬೆಕ್ಕೊಂದು ಮಲಗಿತ್ತು. ಇನಾಸ ಸೌದೆಯ ರಾಶಿಯ ಮೇಲೆ ಕುಳಿತಿದ್ದ.

"ಪಾವಿಲ್ಲ!" ಎಂದ, ತಲೆಯೆತ್ತದೆ.

"ಪಾವಿಗೆ ಬಂದದ್ದಲ್ಲ ಇನಾಸಾ. ಅದನ್ನ ಬರ್ದಂವ... ಅಂವ ಬಂದಿದಾನೆ."

ಇನಾಸ ಧಡಕ್ಕನೆ ಎದ್ದು ಅವರ ಹಿಂದೆ ನೋಡಿದ, ಬೇಲಿಯಾಚೆ ನೋಡಿದ. "ಎಲ್ಲಿ? ಎಲ್ಲಿದಾನೆ?"

"ಇಲ್ಲೇ. ನಿನ್ನ ಎದ್ರಿಗೇ."

ಇನಾಸನ ಮೀಸೆ ನಡುಗಿತು. ಬೆಕ್ಕು ಎದ್ದು ಓಡಿತು.

"ಕಾರಕೂನ್ ಬಾಬಾ, ನೀವು? ಅರೇ ದೇವಾ! ನೀವು ಸುಳ್ಳು ಬರ್ದಿದ್ರೆ ನಾನು ನಗ್ತಿದ್ದೆ! ಆದ್ರೆ ನೀವು ಖರೇ ಬರ್ದ್ರಿ! ಅದ್ಕೇ ನನ್ನ ಸಿಟ್ಟು! ಆ ದಿವಸದ ಪಾವ್ ಕಲ್ಲೇ! ಮಚವೆ ದೋಣಿಯಿಂದ ಇಳಿಸುವಾಗ ಹಿಟ್ಟಿನ ಚೀಲ ಸಮುದ್ರಕ್ಕೆ ಬಿತ್ತು. ಒಣಗ್ಸಿದೆ, ಸುಟ್ಟೆ. ಊರಿಗೆ ಒಂದಿನ ಪಾವ್ ತಪ್ಬಾರ್ದು ಅಂತ ಸುಟ್ಟೆ! 'ಇನಾಸಾ, ಇವತ್ತು ನಿನ್ನ ಪಾವ್ ಕಲ್ಲು' ಅಂತ ನನ್ನ ಮುಖಕ್ಕೆ ಹೇಳಿದ್ರೆ ಕಾಲಿಗೆ ಬೀಳ್ತಿದ್ದೆ. ನನ್ನ ಅಪ್ಪ ಕಟ್ಟಿದ ಭಟ್ಟಿ ಇದು. ಒಂದಿನದ ಪಾವ್ ತಿಂದು ಇಡೀ ಭಟ್ಟಿಗೇ ಗುದ್ದಲಿ ಹಾಕ್ತ್ರಾ?"

ಬೊಮ್ಮಯ್ಯನವರು ಕೈಜೋಡಿಸಿದರು. ಯಾವ ದಪ್ಪಕ್ಷರವೂ ನೆರವಿಗೆ ಬರಲಿಲ್ಲ.

"ತಪ್ಪಾಯ್ತು," ಎಂದರು. "ಹಸಿದಿದ್ದೆ. ಬೇರೆಯವ್ರ ಮೇಲಿನ ಸಿಟ್ಟು ನಿನ್ನ ಮೇಲೆ ಹಾಕ್ದೆ. ಈಗ ನನ್ನವ್ವ ಅನ್ನ ಬಿಟ್ಟು ಕುಂತಿದಾಳೆ."

"ಯಾರು, ಹೊನ್ನವ್ವಾ?" ಇನಾಸನ ಸ್ವರ ಒಮ್ಮೆಲೇ ಇಳಿಯಿತು. "ಬುಟ್ಟಿಯ ಬಟ್ಟೆ ತೆಗೆದ ಕೂಡ್ಲೇ ಮೂಸಿ ನೋಡ್ತಾಳೆ, ಹೂವಿನ ಹಾಂಗೆ. ಊರೆಲ್ಲಾ ನನ್ನ ಪಾವ್ ನುಂಗ್ತದೆ, ಮೂಸಿ ತಿಂಬುದು ಅವಳೊಬ್ಳೇ." ಮತ್ತೆ ಮೀಸೆ ನಿಮಿರಿತು. "ಆದ್ರೂ ನನ್ನ ಸಿಟ್ಟು ಹಾಂಗೇ ಇದೆ! ಅಂಗಿ ಬಿಚ್ರಿ!"

ಬೊಮ್ಮಯ್ಯನವರು ಎರಡು ಹೆಜ್ಜೆ ಹಿಂದೆ ಸರಿದರು. "ಹೊ... ಹೊಡೀತ್ಯಾ?"

"ಹಿಟ್ಟು ನಾದ್ರಿ!"

ಕಟ್ಟಿಗೆಯ ದೋಣಿಯಂಥ ಮರಿಗೆಯಲ್ಲಿ ಇನಾಸ ಹಿಟ್ಟು ಸುರಿದ, ನೀರು ಸುರಿದ, ಶೇಂದಿ ಸುರಿದ. ಆಮೇಲೆ ಕೈಕಟ್ಟಿ ಸೌದೆಯ ಮೇಲೆ ಹೋಗಿ ಕುಳಿತ. ಬೊಮ್ಮಯ್ಯನವರು ಜನಿವಾರದಂತೆ ಪಂಚೆಯ ತುದಿಯನ್ನು ಹೆಗಲಿಗೇರಿಸಿ ಕೈ ಇಳಿಸಿದರು. ಹಿಟ್ಟು ಕೈ ಬಿಡಲಿಲ್ಲ. ಎಡಗೈಯನ್ನು ಬಿಡಿಸಲು ಹೋದರೆ ಬಲಗೈ ಸಿಕ್ಕಿತು, ಬಲಗೈ ಬಿಡಿಸಲು ಹೋದರೆ ಮೂಗಿಗೆ ಮೆತ್ತಿತು. ಬೆನ್ನು ಹಿಡಿಯಿತು, ತೋಳು ಸೋತಿತು, ಬೆವರು ಧಾರೆಯಾಗಿ ಮರಿಗೆಗೇ ಇಳಿಯಿತು.

"ಸರೀ ಆಯ್ತೋ?" ಎಂದು ಏದುಸಿರು ಬಿಟ್ಟರು.

"ನನ್ನ ಎಂತಕ್ಕೆ ಕೇಳ್ತ್ರಿ? ಪರೀಕ್ಷಕರು ನೀವು!"

ಹಿಟ್ಟು ಉಬ್ಬಲು ಬಿಟ್ಟರು. ಅದು ತನ್ನ ಮನಸ್ಸಿಗೆ ಬಂದಷ್ಟು ಮಾತ್ರ ಉಬ್ಬಿತು. ಉಂಡೆ ಕಟ್ಟಿದರು. ಕೆಲವು ನಿಂಬೆಹಣ್ಣಿನಷ್ಟಾದವು, ಕೆಲವು ತೆಂಗಿನಕಾಯಿಯಷ್ಟಾದವು. ಇನಾಸ ಭಟ್ಟಿಗೆ ಬೆಂಕಿ ಮಾತ್ರ ಹಾಕಿಕೊಟ್ಟ. ಉದ್ದ ಹಿಡಿಯ ಹಲಗೆಯಲ್ಲಿ ಉಂಡೆಗಳನ್ನು ಒಳತಳ್ಳುವಾಗ ಬೊಮ್ಮಯ್ಯನವರ ಮುಂಗೈಯ ಕೂದಲು ಸುಟ್ಟಿತು, ಮೀಸೆಯ ಒಂದು ತುದಿಯೂ ಸುಟ್ಟಿತು. ಇಳಿಹೊತ್ತಿಗೆ ಪಾವ್ ಹೊರಬಂತು. ಇನಾಸ ಒಂದನ್ನು ಎತ್ತಿ, ಬೆರಳಿನಿಂದ ತಟ್ಟಿ ನೋಡಿದ. ಅವನ ಮುಖದ ಮೇಲೆ ವಾರದಿಂದ ಕಾಣದ ನಗೆಯೊಂದು ಬಂದು ತುಟಿಯ ಮೂಲೆಯಲ್ಲಿ ಅಡಗಿ ಕುಳಿತಿತು.

"ಎಲ್ಲಾ ನೀವೇ ತಗಂಡು ಹೋಗ್ರಿ. ಒಂದೂ ಇಲ್ಲಿ ಬ್ಯಾಡಾ. ನಾಳೆ ಬೆಳಿಗ್ಗೆಯಿಂದ ನಾನೇ ಸುಡ್ತೆ."

ಬೊಮ್ಮಯ್ಯನವರು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಕೂದಲಲ್ಲಿ ಹಿಟ್ಟು, ಮೀಸೆಯಲ್ಲಿ ಮಸಿ, ಹೀಗೆ ಹಬ್ಬುವಾಡದ ರಸ್ತೆಯಲ್ಲಿ ಬರುವಾಗ ಎದುರಿಗೆ ಚಿಟ್ನೀಸರು!

"ಎಂತ ಇದು ಬೊಮ್ಮಯ್ಯ? ಸಿಕ್ಕನೋ ಆ ಪರೀಕ್ಷಕ?"

"ಸಿಕ್ಕ ರಾವ್‌ಸಾಹೇಬ್ರೇ. ಇನಾಸನ ಎದ್ರಿಗೇ ನಿಲ್ಸಿದೆ. ಬೆಳಿಗ್ಗೆಯಿಂದ ಚಲೋ ಮಾಡಿ ನಾದಿದ್ದಾಯ್ತು. ಇನ್ನು ಈ ಜನ್ಮದಲ್ಲಿ ಬರೆಯುದಿಲ್ಲ ಅಂದ. ನಾಳೆ ಸಾಹೇಬ್ರಿಗೆ ಪಾವ್ ಬರ್ತದೆ."

"ಶಾಬಾಸ್! ಹೆಸರೆಂತದು ಅವನ್ದು?"

"ಹೆಸರು ಹೇಳುವ ಸ್ಥಿತಿಯಲ್ಲಿ ಅಂವ ಇರ್ಲಿಲ್ಲ," ಎಂದು ಬೊಮ್ಮಯ್ಯನವರು ಸರಸರ ನಡೆದರು.

ಮನೆಯಲ್ಲಿ ಗೋದಾವರಿ ಅವರನ್ನು ಮೇಲಿಂದ ಕೆಳಗೆ ನೋಡಿ, ಚಹಾಕ್ಕೆ ನೀರಿಟ್ಟಳು. ಬುಟ್ಟಿ ಮುಂಬಾಗಿಲಿಂದಲೇ ಒಳಗೆ ಹೋಯಿತು. ಪಾವಿನ ವಾಸನೆಗೆ ಹೊನ್ನಮ್ಮ ಗೋಡೆಯ ಕಡೆಯಿಂದ ತಿರುಗಿ ಕುಳಿತಳು. ಬೊಮ್ಮಯ್ಯನವರು ಎಲ್ಲಕ್ಕಿಂತ ಚೆಂದ ಕಂಡದ್ದನ್ನು ಆರಿಸಿ ತಾಯಿಯ ಕೈಗಿಟ್ಟು, ತಾವು ಮಾಡಿದ್ದೆಂದು ಹೇಳದೆ, ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು. ಪರೀಕ್ಷೆಗೆ ಕುಳಿತವನ ಸಂಕಟ ಏನೆಂಬುದು ಆಗ ಅವರಿಗೆ ತಿಳಿಯಿತು.

ಹೊನ್ನಮ್ಮ ಪಾವನ್ನು ಚಹಾದಲ್ಲಿ ಅದ್ದಿದಳು. ಕಾದಳು. ಮತ್ತೆ ಅದ್ದಿದಳು. ಚಹಾ ಆರಿತು, ಪಾವ್ ಮೆತ್ತಗಾಗಲಿಲ್ಲ. ಕೊನೆಗೆ ಬೊಚ್ಚುಬಾಯಿಯ ಒಂದು ಬದಿಗೆ ಇಟ್ಟು, ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ, ಮೆಲ್ಲಗೆ ಹೊರತೆಗೆದು ಬಟ್ಟಲ ಪಕ್ಕದಲ್ಲಿಟ್ಟಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಗೋದಾವರೀ," ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಇನಾಸ ಯಾವಾಗ ತೀರ್ಕಂಡ್ನೇ?"